ಕರೆದರೆ ಓ ಅನ್ನಬಾರದು

ನಮ್ಮ ಚಿನ್ನಿಯನ್ನು ಕಬಡ್ಡಿ ಟೀಮಿಗೆ ವಾಪಸ್ ಸೇರಿಸಿಕೊಂಡರು. ಇದೊಂದನ್ನು ಮೊದಲು ಹೇಳಿಬಿಟ್ಟರೆ ನನ್ನ ಎದೆ ಹಗುರಾಗುತ್ತದೆ, ಮಿಕ್ಕಿದ್ದನ್ನು ಆಮೇಲೆ ನಿಧಾನವಾಗಿ ಹೇಳುತ್ತೇನೆ. ವಿಷಯ ಖಾತ್ರಿಯಾದದ್ದು ಇವತ್ತು ಬೆಳಗ್ಗೆ ಏಳು ಗಂಟೆಗೆ. ಎಂಟರೊಳಗೆ ಹಾಲಿನವನಿಗೆ ಹೇಳಿದೆ, ಸೊಪ್ಪಿನವಳಿಗೆ ಹೇಳಿದೆ, ಮೀಟರ್ ನೋಡಲು ಬಂದ ಕರೆಂಟಿನವನಿಗೂ ಹೇಳಿದೆ. ಅವನು "ಆಯ್ತು ಅಜ್ಜಿ, ಬಿಲ್ ತಗೊಳ್ಳಿ" ಅಂದ. ಕಪ್ ಬಂದಿಲ್ಲ, ಮೆಡಲ್ ಬಂದಿಲ್ಲ, ಹುಡುಗಿ ಮೊದಲು ಎಲ್ಲಿದ್ದಳೋ ಅಲ್ಲಿಗೇ ತಿರುಗಿ ಹೋಗಿದ್ದಾಳೆ, ಅಷ್ಟಕ್ಕೆ ಇಷ್ಟೊಂದು ಸಂಭ್ರಮವೇ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ಈ ಹತ್ತು ದಿನ ನಾನು ಹೇಗೆ ಕಳೆದೆ ಎಂಬುದು ನನಗೆ ಮತ್ತು ನನ್ನ ಬಿ.ಪಿ. ಮಾತ್ರೆಗೆ ಮಾತ್ರ ಗೊತ್ತು.

ಚಿನ್ನಿ ಅಂದರೆ ನನ್ನ ಮಗ ಮಂಜುನಾಥನ ಮಗಳು. ಶಾಲೆಯಲ್ಲಿ ಅವಳ ಹೆಸರು ಚೈತ್ರಾ, ಒಂಬತ್ತನೇ ಕ್ಲಾಸು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ಆದ್ದರಿಂದ ಓದಿನ ವಿಷಯದಲ್ಲಿ ನಾನು ಅವಳಿಗೆ ಬುದ್ಧಿ ಹೇಳಲು ಹೋದವಳಲ್ಲ. ನಾನು ಕಲಿಸಿದ್ದು ಮನೆಯ ರೀತಿ ನೀತಿ ಮಾತ್ರ. ಅದರಲ್ಲೂ ಒಂದನ್ನು ಬಹಳ ಗಟ್ಟಿಯಾಗಿ ಕಲಿಸಿದೆ. ಎಲ್ಲಾ ಅನಾಹುತವೂ ಆದದ್ದು ಅದರಿಂದಲೇ.

ನಾನು ಮದುವೆಯಾಗಿ ಅಟ್ಟೂರಿಗೆ ಬಂದಾಗ ಈಗಿನಂತೆ ಮೇಲೆ ಎರಡು ಬಾಡಿಗೆ ಮನೆ, ಕೆಳಗೆ ಕಾರು ನಿಲ್ಲಿಸುವ ಜಾಗ ಇರಲಿಲ್ಲ. ಹೆಂಚಿನ ಮನೆ, ಹಿಂದೆ ದನದ ಕೊಟ್ಟಿಗೆ, ಅದರ ಪಕ್ಕದಲ್ಲಿ ಕಟ್ಟೆಯಿಲ್ಲದ ಬಾವಿ. ಮನೆ ತುಂಬ ಮಕ್ಕಳು. ನಮ್ಮತ್ತೆ ದಿನಕ್ಕೆ ಹತ್ತು ಸಲ ಒಂದೊಂದು ಮಗುವಿನ ಹೆಸರು ಹಿಡಿದು ಕೂಗುತ್ತಿದ್ದರು. ಕೂಗಿದ ಕೂಡಲೆ ಆ ಮಗು ಎಲ್ಲಿದ್ದರೂ "ಓ" ಅನ್ನಬೇಕು. ಬಾಯಲ್ಲಿ ತುತ್ತಿದ್ದರೂ ಓ, ಹಲ್ಲುಜ್ಜುತ್ತಿದ್ದರೂ ಓ, ಅಳುತ್ತಿದ್ದರೂ ಅಳು ನಿಲ್ಲಿಸಿ ಓ. ಓ ಬರದಿದ್ದರೆ ನಮ್ಮತ್ತೆ ಕೈಯಲ್ಲಿದ್ದದ್ದನ್ನು ಎಸೆದು ನೇರವಾಗಿ ಬಾವಿಯ ಹತ್ತಿರ ಓಡುತ್ತಿದ್ದರು. ಒಂದು ಸಲ ಮಂಜುನಾಥ ಬಣವೆಯ ಹಿಂದೆ ನಿದ್ದೆ ಹೋಗಿ ಓ ಅನ್ನದೆ ಇದ್ದಾಗ ಬಾವಿಗೆ ಇಬ್ಬರು ಇಳಿದದ್ದೂ ಉಂಟು. ಎದ್ದು ಕಣ್ಣುಜ್ಜಿಕೊಂಡು ಬಂದವನು ಬಾವಿಯೊಳಗೆ ಇಣುಕಿ "ಯಾರ್ ಬಿದ್ರು?" ಎಂದು ಕೇಳಿದ. ಅವತ್ತು ಅವನಿಗೆ ಬಿದ್ದ ಏಟಿನ ಮೇಲೆ ನಮ್ಮ ಮನೆಯಲ್ಲಿ ಓ ಅನ್ನದ ಮಗುವೇ ಹುಟ್ಟಲಿಲ್ಲ. ಆಮೇಲೆ ಹೊಲ ಲೇಔಟಾಯಿತು, ಕೊಟ್ಟಿಗೆ ಹೋಯಿತು, ಬಾವಿಯನ್ನು ಮುಚ್ಚಿ ಅದರ ಮೇಲೆ ಈಗ ಮಂಜುನಾಥನ ಕಾರು ನಿಂತಿದೆ. ಓ ಮಾತ್ರ ಹೋಗಲಿಲ್ಲ. ಚಿನ್ನಿಗೆ ಮಾತು ಬರುವುದಕ್ಕೆ ಮೊದಲೇ ನಾನು ಓ ಕಲಿಸಿದ್ದೆ.

ಇನ್ನು ಮ್ಯಾಚಿನ ಕಥೆ. ಯಲಹಂಕದ ಮೈದಾನದಲ್ಲಿ ಶಾಲೆ ಶಾಲೆಗಳ ನಡುವೆ ಕಬಡ್ಡಿ ಇತ್ತು. ಮಗನಿಗೆ ಹಾರ್ಡ್‌ವೇರ್ ಅಂಗಡಿ, ಸೊಸೆ ಸುಧಾಗೆ ಅಂಗನವಾಡಿ. ಮನೆಯಿಂದ ಹೋದವಳು ನಾನೊಬ್ಬಳೇ. ಕೊಡೆ ಹಿಡಿದು ಮುಂದಿನ ಸಾಲಿನಲ್ಲಿ ಕೂತೆ. ಕೊನೆಗೆ ಎರಡೂ ಟೀಮಿನ ಪಾಯಿಂಟು ಸಮ ಸಮವಾಗಿ, ಇನ್ನು ಒಂದೇ ಸಲ ಹೋಗಿ ಬರುವಷ್ಟು ಹೊತ್ತು ಉಳಿದಿದೆ ಎಂದು ಪಕ್ಕದವರು ಹೇಳಿದರು. ಹೋದವಳು ನಮ್ಮ ಚಿನ್ನಿ. ಕಬಡ್ಡಿ ಕಬಡ್ಡಿ ಎಂದು ಹೇಳುತ್ತಾ ಹೋಗಿ ಒಬ್ಬಳ ಭುಜ ಮುಟ್ಟಿದಳು, ನಾನೇ ಕಣ್ಣಾರೆ ನೋಡಿದೆ. ಮುಟ್ಟಿ ತಿರುಗಿದಳು. ಗೆರೆಗೆ ಮೂರು ಹೆಜ್ಜೆ. ಆಗ ಹಿಂದಿನಿಂದ ಒಂದು ಗಟ್ಟಿಮುಟ್ಟಾದ ಹುಡುಗಿ ಇವಳ ಕಾಲಿಗೆ ಬೀಳಲು ಬಗ್ಗಿದ್ದು ಕಾಣಿಸಿತು. ನನ್ನ ಗಂಟಲು ನನ್ನ ಅಪ್ಪಣೆ ಕೇಳಲಿಲ್ಲ. "ಚಿನ್ನೀ" ಎಂದು ಕೂಗಿಯೇಬಿಟ್ಟೆ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದ ಗಂಟಲದು. ಚಿನ್ನಿ ಆಡುವುದನ್ನು ಬಿಟ್ಟು, ನನ್ನ ಕಡೆ ತಿರುಗಿ, ಮನೆಯಲ್ಲಿ ಅನ್ನುವ ಹಾಗೇ, "ಓ ಅಜ್ಜೀ" ಅಂದಳು.

ಅಂಪೈರ್ ಪೀಪಿ ಊದಿದರು. ಕಬಡ್ಡಿ ಕಬಡ್ಡಿ ಅನ್ನುವುದು ನಡುವೆ ಎಲ್ಲೂ ನಿಲ್ಲಬಾರದಂತೆ. ನಿಂತರೆ ಮುಟ್ಟಿದ್ದೂ ಲೆಕ್ಕಕ್ಕಿಲ್ಲ, ಮುಟ್ಟಿದವಳೇ ಔಟು. ನಮ್ಮ ಕಾಲದಲ್ಲಿ ಗಂಡು ಹುಡುಗರು ಆಡುತ್ತಿದ್ದುದನ್ನು ನಾನು ನೋಡಿದ್ದೆನೇ ಹೊರತು ಅವರು ಯಾಕೆ ಒಂದೇ ಸಮನೆ ಗೊಣಗುತ್ತಾರೆ ಎಂದು ಯೋಚಿಸಿದವಳಲ್ಲ. ನಮ್ಮವರು ಒಂದು ಪಾಯಿಂಟಿನಲ್ಲಿ ಸೋತರು. ಆ ಕಡೆಯ ಹುಡುಗಿಯರು ಕುಣಿದರು, ನಮ್ಮ ಕಡೆಯವರು ಮಣ್ಣಿನ ಮೇಲೆ ಕೂತು ಅತ್ತರು. ಮುಖ ಕೆಂಪಾಗಿ ಬಂದವಳು ಟೀಮಿನ ಕ್ಯಾಪ್ಟನ್ ರೇಣುಕಾ. "ಯಾಕೇ ನಿಲ್ಲಿಸ್ದೆ?" ಎಂದು ಕೇಳಿದಳು. ನಾನು ಕೊಡೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಮುಖ ಮರೆ ಮಾಡಿಕೊಂಡೆ. ಬಿಸಿಲು ಆ ಕಡೆಯಿಂದ ಬರುತ್ತಿರಲಿಲ್ಲ. ಚಿನ್ನಿ ನನ್ನ ಕಡೆ ಒಂದು ಸಲವೂ ನೋಡದೆ ಹೇಳಿದಳು, "ಉಸಿರು ಸಾಲ್ಲಿಲ್ಲ."

ಮಾರನೆಯ ದಿನ ಟೀಮಿನವರೆಲ್ಲ ಕೈಯೆತ್ತಿ ಅವಳನ್ನು ಹೊರಗಿಟ್ಟರು. ಅವರ ಪಿ.ಟಿ. ಮಿಸ್ಸು ಒಳ್ಳೆಯವರು, ಆದರೆ ಅವರದ್ದೊಂದು ಪದ್ಧತಿ. ಯಾರು ಆಡಬೇಕು ಎಂಬುದನ್ನು ಹುಡುಗಿಯರೇ ತೀರ್ಮಾನ ಮಾಡಬೇಕು, ಅವರು ನಡುವೆ ಬಾಯಿ ಹಾಕುವುದಿಲ್ಲ. ಮುಂದಿನ ತಿಂಗಳು ಶೆಟ್ಟಿಹಳ್ಳಿಯಲ್ಲಿ ಇನ್ನೊಂದು ಪಂದ್ಯ ಇದೆ, ಅದಕ್ಕೆ ಹೆಸರು ಕೊಡಲು ಉಳಿದಿದ್ದದ್ದು ಹತ್ತೇ ದಿನ. ಮನೆಯಲ್ಲಿ ಮಂಜುನಾಥ ಇನ್ನೊಂದು ಕಡೆಯಿಂದ ಶುರು ಮಾಡಿದ. "ಉಸಿರು ಹಿಡಿಯಕ್ಕೆ ಬರಲ್ಲ ಅಂದ್ಮೇಲೆ ಕಬಡ್ಡಿ ಯಾಕಮ್ಮಾ ನಿಂಗೆ? ತೆಗೆದ್ರೆ ಒಳ್ಳೇದೇ ಆಯ್ತು. ನಾಳೆಯಿಂದ್ಲೇ ಟ್ಯೂಷನ್‌ಗೆ ಹೋಗು." ಕೊನೆಗೆ, ಟೀಮು ವಾಪಸ್ ಸೇರಿಸಿಕೊಂಡರೆ ಸರಿ, ಇಲ್ಲದಿದ್ದರೆ ಒಂದನೇ ತಾರೀಕಿನಿಂದ ಸಂಜೆ ಬೆಳಗ್ಗೆ ಎರಡೂ ಹೊತ್ತು ಲೆಕ್ಕದ ಟ್ಯೂಷನ್ನು ಎಂದು ತೀರ್ಮಾನವಾಯಿತು. ಚಿನ್ನಿ ಬ್ಯಾಗು ಎತ್ತಿಕೊಂಡು ಒಳಗೆ ಹೋದಳು. ನಾನಂತೂ ತೆಂಗಿನಕಾಯಿ ತುರಿಯುತ್ತಿದ್ದೆ. ಅವತ್ತು ಸಾರಿಗೆ ಕಾಯಿ ಬೇಕಿರಲಿಲ್ಲ.

ಕೂಗಿದ್ದು ನಾನು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅರವತ್ತೆಂಟು ವರ್ಷದ ಹೆಂಗಸು, ನಾಲ್ಕು ಬೀದಿಗೆ ಬುದ್ಧಿ ಹೇಳುವವಳು, ಹದಿನಾಲ್ಕು ವರ್ಷದ ಹುಡುಗಿಯ ಹಿಂದೆ ಬಚ್ಚಿಟ್ಟುಕೊಂಡೆ. ಅವಳು ನನ್ನ ಮೇಲೆ ಸಿಟ್ಟು ಮಾಡಿದ್ದರೆ ನನಗೂ ಒಂದು ದಾರಿ ಸಿಗುತ್ತಿತ್ತು, ತಿರುಗಿ ಬೈದು ಹಗುರಾಗುತ್ತಿದ್ದೆ. ಸಿಟ್ಟೂ ಮಾಡಲಿಲ್ಲ. ಮಾತು ನಿಲ್ಲಿಸಿ ಮೂಲೆಯಲ್ಲಿ ಕೂತಳು. ಆದರೆ ನಾನು ಕರೆದರೆ ಮಾತ್ರ ಆ ಮೂಲೆಯಿಂದಲೇ "ಓ" ಅನ್ನುತ್ತಿದ್ದಳು. ಒಂದೊಂದು ಓ ಕೇಳಿದಾಗಲೂ ಮೆಣಸಿನಕಾಯಿ ಕಚ್ಚಿದ ಹಾಗಾಗುತ್ತಿತ್ತು. ಮೂರನೆಯ ದಿನದಿಂದ ನಾನು ಅವಳನ್ನು ಕರೆಯುವುದನ್ನೇ ಬಿಟ್ಟೆ. ಊಟಕ್ಕೆ ಬೇಕಾದರೆ ತಟ್ಟೆ ಸದ್ದು ಮಾಡುತ್ತಿದ್ದೆ. ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿ, "ಏನಮ್ಮಿ, ಇಂಗ್ಯಾಕ್ ತಟ್ಟೆ ಬಡೀತೀಯ? ನಾಯಿಗೆ ಅನ್ನ ಇಕ್ದಂಗೆ" ಅಂದರು.

ಒಂದು ದಿನ ಧೈರ್ಯ ಮಾಡಿ ಮೈದಾನಕ್ಕೆ ಹೋದೆ. ಬೆಳಗ್ಗೆ ಪ್ರಾಕ್ಟೀಸು ನಡೆಯುತ್ತಿತ್ತು. ಚಿನ್ನಿ ಬೇಲಿಯ ಪಕ್ಕ ಎಲ್ಲರ ಬ್ಯಾಗು ಕಾಯುತ್ತಾ ಕೂತಿದ್ದಳು. ನಾನು ರೇಣುಕಾಳ ಹತ್ತಿರ ನಿಂತು, ಕಣ್ಣು ಮುಚ್ಚಿ, ಮನೆಯಲ್ಲಿ ಕುಕ್ಕರಿನ ಮುಂದೆ ಅಭ್ಯಾಸ ಮಾಡಿದ್ದನ್ನು ಪೂರ್ತಿ ಒಪ್ಪಿಸಿದೆ. ಅಷ್ಟೂ ಹೊತ್ತು ನೆತ್ತಿಯ ಮೇಲೆ ಏರ್‌ಫೋರ್ಸಿನ ವಿಮಾನ ಹೋಗುತ್ತಿತ್ತು. ಕಣ್ಣು ಬಿಟ್ಟಾಗ ರೇಣುಕಾ ಕಿವಿಯ ಹತ್ತಿರ ಕೈ ಇಟ್ಟುಕೊಂಡು, "ಏನಂದ್ರಿ ಅಜ್ಜಿ? ಕೇಳಿಸ್ಲೇ ಇಲ್ಲ" ಅಂದಳು. ಎರಡನೇ ಸಲ ಹೇಳುವಷ್ಟು ಧೈರ್ಯವನ್ನು ನಾನು ಮನೆಯಿಂದ ತಂದಿರಲಿಲ್ಲ. "ಏನಿಲ್ಲ ಕಣಮ್ಮ, ನೀರು ಕುಡುದ್ಯಾ ಅಂದೆ" ಎಂದು ವಾಪಸ್ ಬಂದೆ.

ಈ ರೇಣುಕಾ ಬೇರೆ ಯಾರೂ ಅಲ್ಲ, ನಮ್ಮ ಮೇಲಿನ ಮನೆಯ ಬಾಡಿಗೆಯವರ ಮಗಳು. ಅವಳ ಅಪ್ಪ ರಾಯಚೂರಿನ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಮಗಳ ಹತ್ತಿರ ಆಗದಿದ್ದರೆ ತಾಯಿಯ ಹತ್ತಿರ ಹೇಳೋಣ ಎಂದು ಆರನೆಯ ದಿನ ಒಂದು ಡಬ್ಬಿ ನಿಪ್ಪಟ್ಟು ತೆಗೆದುಕೊಂಡು ಮೆಟ್ಟಿಲು ಹತ್ತಿದೆ. ರೇಣುಕಾಳ ತಾಯಿ ಶಾಂತವ್ವ ನನ್ನನ್ನು ನೋಡಿ ಒಲೆ ಆರಿಸಿ, ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು, "ಬರ್ರಿ ಓನರಮ್ಮಾರ, ಒಳಗ ಬರ್ರಿ" ಎಂದಳು. ನಾನು ಕೂತೆ. ಎಲ್ಲಿಂದ ಶುರು ಮಾಡುವುದೋ ತಿಳಿಯದೆ ಸೂರು ನೋಡಿದೆ, ಗೋಡೆ ನೋಡಿದೆ, ಕಿಟಕಿ ನೋಡಿದೆ. ನಾನು ನೋಡಿದ ಕಡೆಯೆಲ್ಲ ಅವಳೂ ನೋಡುತ್ತಿದ್ದಳು, ಮುಖ ಸಣ್ಣಗಾಗುತ್ತಾ ಬಂತು.

"ನೋಡು ಶಾಂತವ್ವ, ಒಂದು ವಿಷಯ ಹೇಳಕ್ಕೆ ಬಂದೆ. ನನಗೂ ಕಷ್ಟ ಆಗ್ತಿದೆ. ಆರು ದಿನದಿಂದ ನಿದ್ದೆ ಇಲ್ಲ" ಅಂದೆ.

ಅವಳು ನೆಲದ ಮೇಲೆ ಕೂತುಬಿಟ್ಟಳು. "ಯಮ್ಮಾ, ಗ್ವಾಡಿಗೆ ಮೊಳಿ ಹೊಡದಿದ್ದು ನಾವೇರಿ. ಸಣ್ಣಾಂವ ಫೋಟೋ ಹಾಕಬೇಕಂತ ಹಟ ಹಿಡದ. ಅದಕ್ಕ ಮನಿ ಖಾಲಿ ಮಾಡಂದ್ರ ಎಲ್ಲಿಗೆ ಹೋಗೂಣ್ರಿ? ಹುಡುಗಿ ಸಾಲಿ ಇಲ್ಲೇ ಐತಿ."

ನಾನು ಕ್ಷಮೆ ಕೇಳಲು ಹೋದವಳು, ಅವಳೇ ನನ್ನ ಕ್ಷಮೆ ಕೇಳುತ್ತಿದ್ದಾಳೆ. ಮನೆ ಖಾಲಿ ಮಾಡಿಸಲು ಬಂದಿಲ್ಲ, ಮೊಳೆ ಹೊಡೆದರೆ ಹೊಡೆದುಕೊಳ್ಳಿ ಎಂದು ಸಮಾಧಾನ ಮಾಡಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ರೇಣುಕಾ ಒಳಗೆ ಬಂದಳು. ಈ ಸಲ ವಿಮಾನ ಇರಲಿಲ್ಲ. ಹಿಂದೆ ಮುಂದೆ ನೋಡದೆ, "ರೇಣುಕಾ, ಅವತ್ತು ಕೂಗಿದ್ದು ನಾನು. ನಾನು ಕೂಗಿದ್ದಕ್ಕೇ ಅವಳು ಓ ಅಂದಿದ್ದು. ಅವಳ ಉಸಿರಿಗೆ ಏನೂ ಆಗಿರಲಿಲ್ಲ" ಎಂದು ಒಂದೇ ಉಸಿರಿನಲ್ಲಿ ಹೇಳಿ ನಿಪ್ಪಟ್ಟಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ.

ಹುಡುಗಿ ಡಬ್ಬಿಯನ್ನೂ ನನ್ನನ್ನೂ ನೋಡಿದಳು. "ಗೊತ್ತು ಅಜ್ಜಿ" ಅಂದಳು.

"ಗೊತ್ತಾ?"

"ಇಡೀ ಗ್ರೌಂಡಿಗೆ ಗೊತ್ತು. ಆ ಕಡೆ ಟೀಮಲ್ಲಿ ಒಬ್ಳು ಚಿನ್ನಿ ಅನ್ನೋಳು ಇದ್ಲು, ನೀವು ಕೂಗಿದ್ದಕ್ಕೆ ಅವ್ಳೂ ತಿರುಗಿ ನೋಡಿದ್ಲು."

"ಮತ್ಯಾಕೆ ನಮ್ಮ ಚಿನ್ನಿನ ಹೊರಗಿಟ್ರಿ?"

"ಅವ್ಳು ನಮ್ಮತ್ರ ಸುಳ್ಳು ಹೇಳಿದ್ಲಲ್ಲ ಅಜ್ಜಿ. ಉಸಿರು ಸಾಲ್ಲಿಲ್ಲ ಅಂತ. ಅಜ್ಜಿ ಕೂಗಿದ್ರು, ಬಾಯಿಗೆ ಬಂದ್ಬಿಡ್ತು ಅಂದಿದ್ರೆ ನಾವು ಎರಡು ದಿನ ಬೈದು ಸುಮ್ನಾಗ್ತಿದ್ವಿ. ಆಡೋವಾಗ ಕೈ ಹಿಡ್ಕೊಂಡು ನಿಲ್ಲೋರು ನಾವು. ಪಕ್ಕದಲ್ಲಿರೋಳು ಏನ್ ಮುಚ್ಚಿಡ್ತಿದ್ದಾಳೆ ಅಂತ ಗೊತ್ತಾಗ್ದೆ ಹೆಂಗೆ ಕೈ ಹಿಡಿಯೋದು?" ಇಷ್ಟು ಹೇಳಿ ಅವಳು ಒಂದು ನಿಪ್ಪಟ್ಟು ತೆಗೆದು ಮುರಿದಳು, ತಿನ್ನಲಿಲ್ಲ. "ನಾನೂ ಅವತ್ತು ಹೊರಗಿನ ಗೆರೆ ತುಳ್ದು ಎರಡು ಪಾಯಿಂಟು ಬಿಟ್ಟಿದ್ದೆ. ಕ್ಯಾಪ್ಟನ್ ಅಂತ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಶಾಂತವ್ವ ಮಗಳನ್ನು ನೋಡಿದಳು, ನಾನು ನೆಲ ನೋಡಿದೆ. ಹುಡುಗಿ ಸುಳ್ಳು ಹೇಳಿದ್ದು ನನಗೋಸ್ಕರ, ಶಿಕ್ಷೆ ಅನುಭವಿಸುತ್ತಿದ್ದದ್ದೂ ನನಗೋಸ್ಕರ, ನಾನು ಮಾತ್ರ ಆರು ದಿನ ಕಾಯಿ ತುರಿದೆ.

ಮಾರನೆಯ ಬೆಳಗ್ಗೆ ಪಿ.ಟಿ. ಮಿಸ್ಸಿನ ಮುಂದೆ ಪಂಚಾಯಿತಿ ಕೂತಿತು. ರೇಣುಕಾ ತನ್ನ ಎರಡು ಪಾಯಿಂಟಿನ ವಿಷಯ ಮೊದಲು ಹೇಳಿದಳು. ಚಿನ್ನಿ, "ಅಜ್ಜಿನ ಎಲ್ರೂ ಬೈತೀರ ಅಂತ ಸುಳ್ಳು ಹೇಳಿದೆ" ಎಂದು ಅತ್ತಳು. ನಾನು, ಹೇಗಿದ್ದರೂ ಎಲ್ಲ ತಪ್ಪೂ ಒಪ್ಪಿದ್ದಾಯಿತಲ್ಲ, ಇನ್ನು ಅವಳನ್ನು ಒಳಗೆ ಬಿಡಿ ಅಂದೆ. ಮಿಸ್ಸು ನಕ್ಕರು. "ಅಜ್ಜಿ, ಈ ಆಟದಲ್ಲಿ ಔಟಾದೋಳು ತಾನಾಗಿ ತಾನೇ ಎದ್ದು ಒಳಗೆ ಬರೋ ಹಾಗಿಲ್ಲ. ಒಳಗಿರೋರು ಒಂದು ಪಾಯಿಂಟ್ ತಂದ್ರೆ ಮಾತ್ರ ಹೊರಗಿರೋಳಿಗೆ ಜೀವ ಬರುತ್ತೆ. ಅವರನ್ನೇ ಕೇಳಿ." ನಾನು ಅಲ್ಲಿಯವರೆಗೆ ಕಬಡ್ಡಿಯನ್ನು ಎಳೆದಾಡುವ ಆಟ ಎಂದು ತಿಳಿದಿದ್ದೆ. ಇಷ್ಟು ಮರ್ಯಾದೆ ಅದರೊಳಗಿದೆ ಎಂದು ಗೊತ್ತಿರಲಿಲ್ಲ.

ಹುಡುಗಿಯರು ಗುಂಪಾಗಿ ನಿಂತು ಗುಸುಗುಸು ಮಾತಾಡಿದರು. ಒಬ್ಬಳು, ಚೋಟುದ್ದ ಜಡೆಯವಳು, "ಮಚ್ಚಾ, ಅಜ್ಜಿ ಮ್ಯಾಚಿಗೆ ಬಂದು ಮತ್ತೆ ಕೂಗಿದ್ರೆ ಏನ್ ಮಾಡೋದು?" ಅಂದದ್ದು ನನಗೆ ಕೇಳಿಸಿತು. ನಾನು ಬರುವುದೇ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ರೇಣುಕಾ ಬಂದು ತೀರ್ಪು ಹೇಳಿದಳು. "ನೀವು ಬರ್ಬೇಕು ಅಜ್ಜಿ. ದಿನಾ ಪ್ರಾಕ್ಟೀಸಿಗೂ ಬರ್ಬೇಕು. ಇವ್ಳು ರೈಡ್ ಹೋದಾಗೆಲ್ಲ ನೀವು ಕೂಗ್ಬೇಕು. ಯಾವತ್ತು ಇವ್ಳು ಓ ಅನ್ನದೆ ವಾಪಸ್ ಬರ್ತಾಳೋ ಅವತ್ತು ಟೀಮಿಗೆ."

ಹೆಸರು ಕೊಡಲು ಉಳಿದಿದ್ದದ್ದು ಮೂರು ದಿನ. ಮೊದಲ ದಿನ ನಾನು ಕೂಗಿದೆ, ಅವಳು ಓ ಅಂದಳು. ಹನ್ನೊಂದು ಸಲ ಕೂಗಿದೆ, ಹನ್ನೊಂದು ಸಲವೂ ಓ. ಎರಡನೆಯ ದಿನ ಹುಡುಗಿಯರು ಅವಳ ಬಾಯಿಗೆ ಓ ಬರುವ ಮೊದಲೇ ತಾವೇ ಗಟ್ಟಿಯಾಗಿ ಕಬಡ್ಡಿ ಕಬಡ್ಡಿ ಎಂದು ಕೂಗಿ ಸಹಾಯ ಮಾಡಿದರು. ಆದರೂ ಕೊನೆಯಲ್ಲಿ ಒಂದು ಸಣ್ಣ ಓ ಬಂದೇಬಿಟ್ಟಿತು. ನಾನು ಮೋಸ ಮಾಡೋಣ ಎಂದು ಮೆಲ್ಲಗೆ ಕೂಗಿದೆ. ಜಡೆಯ ಹುಡುಗಿ, "ಅಜ್ಜಿ, ಅವತ್ತು ಕೂಗ್ದಂಗೆ ಕೂಗಿ, ನಾಟ್ಕ ಬೇಡ" ಎಂದು ಗದರಿಸಿದಳು. ಆ ರಾತ್ರಿ ದೇವರ ಮುಂದೆ ನಿಂತು ನಾನು ಬೇಡಿಕೊಂಡದ್ದನ್ನು ಬೇರೆ ಯಾವ ಅಜ್ಜಿಯೂ ಬೇಡಿಕೊಂಡಿರಲಾರಳು. ನಾಳೆ ನನ್ನ ಮೊಮ್ಮಗಳು ನನ್ನ ಮಾತು ಕೇಳದಿರಲಿ ತಾಯೀ ಅಂದೆ.

ಇವತ್ತು ಕೊನೆಯ ದಿನ. ಏಳಕ್ಕೆ ಐದು ನಿಮಿಷ ಇದ್ದಾಗ ಚಿನ್ನಿ ಗೆರೆ ದಾಟಿದಳು. ನನಗೆ ಕೂಗಲು ಆಗುವುದಿಲ್ಲ ಅನ್ನಿಸಿತು. ರೇಣುಕಾ ನನ್ನ ಕಡೆ ನೋಡಿ ತಲೆಯಾಡಿಸಿದಳು. ಕೂಗಿದೆ. ಕಬಡ್ಡಿ ಕಬಡ್ಡಿ ನಿಲ್ಲಲಿಲ್ಲ. ಮತ್ತೆ ಕೂಗಿದೆ. ಅವಳ ಕತ್ತು ಒಂದು ಚೂರು ನನ್ನ ಕಡೆ ತಿರುಗಿತು, ಬಾಯಿ ತಿರುಗಲಿಲ್ಲ. ಮೂರನೆಯ ಸಲ ನಾನು ಕೂಗಿದ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು. ಅವಳು ಇಬ್ಬರನ್ನು ಮುಟ್ಟಿ, ಮೂರನೆಯವಳ ಕೈಯಿಂದ ಜಾರಿ, ಗೆರೆ ಮುಟ್ಟಿ, ಆಮೇಲೆ ಉಸಿರು ಬಿಟ್ಟಳು. ಹನ್ನೊಂದು ಹುಡುಗಿಯರು ಅವಳ ಮೇಲೆ ಬಿದ್ದರು. ನಲವತ್ತು ವರ್ಷ ಕಾಪಾಡಿಕೊಂಡು ಬಂದ ಮನೆಯ ಪದ್ಧತಿಯನ್ನು ನಾನೇ ಕೂತು ಕೆಡಿಸಿದ್ದೆ, ಅದೂ ಅಳುತ್ತಾ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ. ಇಷ್ಟು ಸಂತೋಷ ನನಗೆ ಮಂಜುನಾಥ ಹುಟ್ಟಿದಾಗಲೂ ಆಗಿರಲಿಲ್ಲ. ಅವನಿಗೆ ಇದನ್ನು ಹೇಳಬೇಡಿ.

ಸಂಜೆ ನಾಟಿ ಕೋಳಿ ಸಾರು, ಮುದ್ದೆ. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತೆವು. ಯಜಮಾನರು, ಮಂಜುನಾಥ, ಸುಧಾ, ಚಿನ್ನಿ, ನಿಪ್ಪಟ್ಟಿನ ಡಬ್ಬಿ ವಾಪಸ್ ಕೊಡಲು ಬಂದು ಸಿಕ್ಕಿಬಿದ್ದ ರೇಣುಕಾ. ಟ್ಯೂಷನ್ನಿನ ಮಾತನ್ನು ಮಂಜುನಾಥ ತಾನಾಗಿಯೇ ಹಿಂದಕ್ಕೆ ತೆಗೆದುಕೊಂಡಿದ್ದ. ನಾನು ಶಾಲೆಗೆ ಹೋಗಿ ಮಾತಾಡಿದೆ ಎಂಬುದಷ್ಟೇ ಅವನಿಗೆ ಗೊತ್ತು, ಮಿಕ್ಕಿದ್ದನ್ನು ನಾನು ಹೇಳಿರಲಿಲ್ಲ. ಕೋಳಿಗೆ ಈಲಿ, ಅಂದರೆ ಲಿವರು, ಇರುವುದು ಒಂದೇ, ಎಲ್ಲರ ಕಣ್ಣೂ ಅದರ ಮೇಲೆ. ಅದನ್ನು ಸೌಟಿನಲ್ಲಿ ಹುಡುಕಿ ತೆಗೆದು ಅವನು ನನ್ನ ತಟ್ಟೆಗೆ ಹಾಕಿದ. "ಇವತ್ತು ಇದು ಅಮ್ಮನಿಗೆ. ಅಮ್ಮ ಹೋಗಿ ಮಾತಾಡ್ದೆ ಇದ್ದಿದ್ರೆ ಈ ಹುಡುಗೀರು ಇವ್ಳನ್ನ ಎಲ್ಲಿ ಸೇರಿಸ್ಕೊಳ್ತಿದ್ರು?" ಸುಧಾ, "ಹೌದು ಅತ್ತೆ, ನಿಮ್ಮಿಂದಾನೇ" ಅಂದಳು. ಯಜಮಾನರೂ ಹೂಂಗುಟ್ಟಿದರು. ಚಿನ್ನಿ ಮತ್ತು ರೇಣುಕಾ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ಇಬ್ಬರೂ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಈಲಿಯನ್ನು ಬಾಯಿಯ ಹತ್ತಿರದವರೆಗೂ ತಂದೆ.

"ಮಂಜ," ಅಂದೆ, "ಅವತ್ತು ಆಟದ ಮಧ್ಯೆ ಕೂಗಿದ್ದು ನಾನೇ ಕಣೋ. ಅವಳು ಓ ಅಂದು ಔಟಾಗಿದ್ದು ನನ್ನಿಂದ. ಉಸಿರು ಗಿಸಿರು ಎಲ್ಲಾ ಸುಳ್ಳು."

ಯಜಮಾನರ ಕೈಯ ಮುದ್ದೆ ಸಾರಿನಲ್ಲಿ ಹಾಗೇ ನಿಂತಿತು. ಮಂಜುನಾಥ ನನ್ನನ್ನು ಒಂದು ನಿಮಿಷ ನೋಡಿ, ಕೈ ಚಾಚಿ, ನನ್ನ ಬೆರಳಿನ ನಡುವಿದ್ದ ಈಲಿಯನ್ನು ಬಿಡಿಸಿಕೊಂಡು, ಮಗಳ ತಟ್ಟೆಗೆ ಹಾಕಿದ. ಸುಧಾ ನಗು ತಡೆಯಲಾರದೆ ನೀರು ತರುವ ನೆಪದಲ್ಲಿ ಎದ್ದಳು. ಚಿನ್ನಿ ಅದನ್ನು ನೋಡಿದಳು, ರೇಣುಕಾಳನ್ನು ನೋಡಿದಳು. ಆಮೇಲೆ ಎರಡು ತುಂಡು ಮಾಡಿ ಒಂದನ್ನು ತಂದು ನನ್ನ ತಟ್ಟೆಯಲ್ಲಿಟ್ಟಳು.

"ಇನ್ನರ್ಧ?" ಅಂದೆ.

"ಅದು ಶೆಟ್ಟಿಹಳ್ಳಿ ಮ್ಯಾಚ್ ಮುಗಿದ್ಮೇಲೆ" ಎಂದು ಚಿನ್ನಿ ಅದನ್ನು ಬಾಯಿಗೆ ಹಾಕಿಕೊಂಡಳು.